ಜೇಡದ ವಿಷ ಇರುವುದು ಯಾರಿಗಾಗಿ?

ಮುಂಗಾರು ಹಿಡಿದ ಮೇಲೆ ಬೆಂಗಳೂರಿನ ಮನೆಗಳಲ್ಲಿ ಜೇಡಗಳು ಕಣ್ಣಿಗೆ ಬೀಳುವುದು ಹೆಚ್ಚುತ್ತದೆ. ಅವುಗಳ ಬಗ್ಗೆ ಓದುಗರಿಂದ ಬರುವ ಪತ್ರಗಳೂ ಹೆಚ್ಚುತ್ತವೆ. ಈ ಸಲ ಬಂದವುಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಕೇಳಿದವರು ಬೇರೆ ಬೇರೆಯಾದರೂ ಆರೂ ಪತ್ರಗಳು ಹೆಚ್ಚುಕಡಿಮೆ ವಿಷದ ಸುತ್ತಲೇ ಇವೆ. ಹಲವು ವರ್ಷಗಳಿಂದ ಜೇಡಗಳನ್ನೇ ಅಧ್ಯಯನ ಮಾಡುತ್ತಿರುವ ನನಗೆ ಈ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ ಎನ್ನಿಸುತ್ತದೆ: ಆ ವಿಷ ಯಾರಿಗಾಗಿ ಇದೆ?

ಮಲ್ಲೇಶ್ವರದ ನಿವೃತ್ತ ಶಿಕ್ಷಕಿಯೊಬ್ಬರು ಬರೆಯುತ್ತಾರೆ: ನಮ್ಮದು ಹಳೆಯ ಮನೆ. ದೇವರ ಪಟದ ಹಿಂದಿನಿಂದ ಅಂಗೈಯಗಲದ ಜೇಡವೊಂದು ರಾತ್ರಿ ಹೊರಗೆ ಬರುತ್ತದೆ. ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯಂಥದ್ದೇನನ್ನೋ ಹಿಡಿದುಕೊಂಡಿರುತ್ತದೆ. ಅದು ಕಚ್ಚಿದರೆ ಅಪಾಯವೇ? ಜೇಡ ಉಚ್ಚೆ ಹೊಯ್ದರೆ ಮೈಮೇಲೆ ಗುಳ್ಳೆ ಏಳುತ್ತದೆ ಎನ್ನುತ್ತಾರಾದ್ದರಿಂದ ಮೊಮ್ಮಗನನ್ನು ಆ ಕೋಣೆಗೆ ಬಿಡುತ್ತಿಲ್ಲ.

ನೀವು ವರ್ಣಿಸಿರುವುದು ಹೆಟೆರೊಪೋಡ ವೆನಟೋರಿಯ ಎಂಬ ಬೇಟೆ ಜೇಡ. ಇದು ಬಲೆ ಹೆಣೆಯುವುದಿಲ್ಲ. ಚಪ್ಪಟೆ ಮೈಯನ್ನು ಪಟದ ಹಿಂದೆ, ಬಾಗಿಲ ಸಂದಿನಲ್ಲಿ ಅಡಗಿಸಿಕೊಂಡಿದ್ದು, ಕತ್ತಲಾದ ಮೇಲೆ ಜಿರಲೆಗಳ ಬೇಟೆಗೆ ಹೊರಡುತ್ತದೆ. ಆ ಬಿಳಿ ಬಿಲ್ಲೆ ಮೊಟ್ಟೆಗಳ ಚೀಲ. ಮರಿಗಳು ಹೊರಬರುವ ತನಕ ತಾಯಿ ಅದನ್ನು ಎದೆಗೆ ಅವುಚಿಕೊಂಡೇ ಇರುತ್ತದೆ. ಟಾರ್ಚಿನ ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿದರೆ, ಬಾಯಿಯ ಪಕ್ಕದ ಎರಡು ಗಿಡ್ಡ ಕೈಗಳಿಂದ ಚೀಲದ ಅಂಚನ್ನು ಹಿಡಿದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅಂಗೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಕಚ್ಚೀತು. ಆಗ ಜೇನು ಕುಟುಕಿದಂತೆ ಉರಿಯೂ ಸ್ವಲ್ಪ ಊತವೂ ಬರುತ್ತವೆ; ಸಾಬೂನಿನಿಂದ ತೊಳೆದು ತಣ್ಣನೆಯ ಬಟ್ಟೆ ಇಟ್ಟರೆ ಸಾಕು. ಕಚ್ಚಿದ ಜೇಡ ಯಾವುದೇ ಆಗಿರಲಿ, ನೋವು ಮೈಯಲ್ಲೆಲ್ಲ ಹರಡಿದರೆ, ಬೆವರು ಹರಿದರೆ ಅಥವಾ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಗುಳ್ಳೆಯ ವಿಚಾರ. ಜೇಡದ ಮಲಮೂತ್ರ ಎಂದರೆ ಸುಣ್ಣದಂಥ ಬಿಳಿಯ ಕಲೆ, ಅಷ್ಟೇ. ಅದರಿಂದ ಚರ್ಮ ಸುಡುವುದಿಲ್ಲ. ಮಳೆಗಾಲದಲ್ಲಿ ಟ್ಯೂಬ್‌ಲೈಟಿನ ಬೆಳಕಿಗೆ ಬರುವ, ಇರುವೆಯಂತೆ ಕಾಣುವ, ಕಿತ್ತಳೆ ಮೈಗೆ ಕಪ್ಪು ತಲೆಯಿರುವ ಪೇಡರಸ್ ಎಂಬ ಪುಟ್ಟ ದುಂಬಿಯನ್ನು ನಾವು ನಿದ್ದೆಗಣ್ಣಿನಲ್ಲಿ ಕುತ್ತಿಗೆಯ ಮೇಲೆ ಉಜ್ಜಿಬಿಡುತ್ತೇವೆ. ಅದರ ಮೈಯೊಳಗಿನ ಪೆಡರಿನ್ ಎಂಬ ರಾಸಾಯನಿಕ ತಗುಲಿದ ಜಾಗದಲ್ಲಿ ಒಂದೆರಡು ದಿನಗಳ ನಂತರ ಗೆರೆ ಎಳೆದಂತೆ ಗುಳ್ಳೆಗಳು ಏಳುತ್ತವೆ. ಅಷ್ಟು ಹೊತ್ತಿಗೆ ದುಂಬಿ ಮಾಯವಾಗಿರುತ್ತದೆ, ಗೋಡೆಯ ಮೇಲೆ ಜೇಡ ಇದ್ದೇ ಇರುತ್ತದೆ. ಆಪಾದನೆ ಅದರ ತಲೆಗೆ ಬರುತ್ತದೆ. ಸರ್ಪಸುತ್ತನ್ನೂ ಕೆಲವರು ಜೇಡದ ಲೆಕ್ಕಕ್ಕೆ ಬರೆಯುತ್ತಾರೆ. ಅದು ಸೀತಾಳೆ ಸಿಡುಬಿನ ವೈರಸ್ ಮರುಕಳಿಸುವುದರಿಂದ ಬರುವ ರೋಗ. ಬೇಗ ವೈದ್ಯರನ್ನು ಕಂಡಷ್ಟೂ ಒಳ್ಳೆಯದು. ಮೊಮ್ಮಗನನ್ನು ದಯವಿಟ್ಟು ಕೋಣೆಗೆ ಬಿಡಿ. ಮುಟ್ಟದೆ ನೋಡು ಎಂದು ಹೇಳಿದರೆ ಸಾಕು.

ವಿಜಯನಗರದ ಪದವಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ಸರ್, ಜೇಡಗಳ ವಿಷಕ್ಕೆಲ್ಲ ಒಂದೇ ಮೂಲವಿದೆ ಎಂದು ಬೆಂಗಳೂರಿನ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಎಂದು ಓದಿದೆ. ಕೋಟ್ಯಂತರ ವರ್ಷಗಳ ಹಿಂದಿನ ವಿಷ ಕಲ್ಲಿನಲ್ಲಿ ಉಳಿದಿರುವುದಿಲ್ಲವಲ್ಲ? ಹಾಗಿದ್ದರೆ ಅದನ್ನು ಹೇಗೆ ತಿಳಿಯುತ್ತಾರೆ?

ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ನೀವು ಓದಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯದಿಂದ ಬಂದ ಅಧ್ಯಯನ. ನಯೀಮ್ ಯೂಸುಫ್ ಶೇಖ್ ಮತ್ತು ಸುನಗರ್ ಅವರ ಆ ಪ್ರಬಂಧ 2023ರಲ್ಲಿ ಇ-ಲೈಫ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ನೀವು ಹೇಳಿದ್ದು ನಿಜ. ವಿಷದ ಗ್ರಂಥಿ ಮೃದುವಾದ ಅಂಗ. ಪಳೆಯುಳಿಕೆಯಲ್ಲಿ ಅದು ಉಳಿಯುವುದು ಇಲ್ಲವೆಂದೇ ಹೇಳಬೇಕು. ನ್ಯೂಯಾರ್ಕ್ ರಾಜ್ಯದ ಗಿಲ್ಬೋವಾದಲ್ಲಿ ಸಿಕ್ಕ, ಸುಮಾರು 38.6 ಕೋಟಿ ವರ್ಷ ಹಳೆಯದಾದ ಅಟರ್ಕೋಪಸ್ ಎಂಬ ಜೇಡದ ದಾಯಾದಿಯಲ್ಲಿ ನೂಲು ಹೊರಬರುವ ಸಣ್ಣ ಕೊಳವೆಗಳು ಕಾಣುತ್ತವೆ. ಮ್ಯಾನ್ಮಾರಿನ ಅಂಬರಿನೊಳಗೆ, ಅಂದರೆ ಕಲ್ಲಿನಂತೆ ಗಟ್ಟಿಯಾದ ಮರದ ಅಂಟಿನೊಳಗೆ ಸಿಕ್ಕಿ 2018ರಲ್ಲಿ ವರದಿಯಾದ, ಸುಮಾರು 10 ಕೋಟಿ ವರ್ಷ ಹಳೆಯ ಕೈಮರರಾಕ್ನೆ ಎಂಬ ಇನ್ನೊಂದು ದಾಯಾದಿಗೆ ನೂಲುವ ಅಂಗಗಳ ಜೊತೆಗೆ ಉದ್ದನೆಯ ಬಾಲವೂ ಇದೆ. ಹೀಗೆ ನೂಲಿನ ಚರಿತ್ರೆಗೆ ಕಲ್ಲು ಮತ್ತು ಅಂಬರಿನ ಸಾಕ್ಷ್ಯ ಸಿಗುತ್ತದೆ. ವಿಷದ ಚರಿತ್ರೆಯನ್ನು ಮಾತ್ರ ಇಂದು ಬದುಕಿರುವ ಜೇಡಗಳ ವಂಶವಾಹಿಗಳಲ್ಲೇ ಓದಬೇಕು.

ಅದಕ್ಕೆ ಮೊದಲು ವಿಷವನ್ನು ಪಡೆಯಬೇಕು. ಜೇಡಕ್ಕೆ ಮಂಪರು ಬರಿಸಿ, ಕೋರೆಗಳ ಬುಡಕ್ಕೆ ಅತಿ ಸೌಮ್ಯವಾದ ವಿದ್ಯುತ್ತಿನ ಸ್ಪರ್ಶ ಕೊಟ್ಟಾಗ ಗ್ರಂಥಿಯನ್ನು ಸುತ್ತುವರಿದ ಸ್ನಾಯು ಕುಗ್ಗಿ, ಕೋರೆಯ ತುದಿಯಲ್ಲಿ ತಿಳಿಯಾದ ಹನಿಯೊಂದು ಮೂಡುತ್ತದೆ. ಅದನ್ನು ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ಹೀರಿಕೊಳ್ಳುತ್ತೇವೆ. ದೊಡ್ಡ ಜೇಡದಿಂದಲೂ ದಕ್ಕುವುದು ಸೂಜಿಯ ಮೊನೆಯ ಮೇಲೆ ನಿಲ್ಲುವಷ್ಟು ದ್ರವ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕುಳಿತಿದ್ದೆ. ಕೈ ನಡುಗಿದರೆ ಇಡೀ ದಿನದ ಕೆಲಸ ವ್ಯರ್ಥ. ಹೀಗೆ ಖಾಲಿಯಾದ ಗ್ರಂಥಿ ಮೂರು–ನಾಲ್ಕು ದಿನ ಹೊಸ ವಿಷ ತಯಾರಿಸುವ ಭರದಲ್ಲಿರುತ್ತದೆ. ಆ ಹೊತ್ತಿಗೆ ಗ್ರಂಥಿಯನ್ನು ತೆಗೆದು, ವಂಶವಾಹಿಗಳ ಕೆಲಸದ ನಕಲಾದ ಅದರ ಆರ್‌ಎನ್‌ಎ ಓದಿದರೆ, ಆ ಜೇಡ ಯಾವ ಯಾವ ವಿಷ ಪ್ರೋಟೀನುಗಳನ್ನು ಕಟ್ಟುತ್ತಿದೆ ಎಂಬುದರ ಪಟ್ಟಿ ಸಿಗುತ್ತದೆ.

ಆ ಪಟ್ಟಿಯಲ್ಲಿ ಅತಿ ಹೆಚ್ಚು ಕಾಣುವುದು ಹತ್ತಾರು ಅಮೈನೋ ಆಮ್ಲಗಳಷ್ಟೇ ಉದ್ದದ ಪೆಪ್ಟೈಡುಗಳು, ಅಂದರೆ ಪುಟ್ಟ ಪ್ರೋಟೀನುಗಳು. ಇವುಗಳಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಸಾಮಾನ್ಯವಾಗಿ ಆರು ಕಡೆ ಇದ್ದು, ಎರಡೆರಡು ಸಿಸ್ಟೀನುಗಳ ಗಂಧಕಗಳು ಕೈಹಿಡಿದು ಮೂರು ಬಂಧಗಳಾಗುತ್ತವೆ. ಎರಡು ಬಂಧಗಳು ಉಂಗುರ ಕಟ್ಟಿದರೆ ಮೂರನೆಯದು ಅದರ ನಡುವೆ ತೂರಿ ಹೋಗುತ್ತದೆ. ಒಟ್ಟಿನಲ್ಲಿ ಬಿಚ್ಚಲಾಗದ ಗಂಟು. ಬಿಸಿಯಾದರೂ, ಪ್ರೋಟೀನು ಕತ್ತರಿಸುವ ಕಿಣ್ವಗಳು ಎದುರಾದರೂ ಆ ಗಂಟು ಸುಲಭವಾಗಿ ಸಡಿಲವಾಗುವುದಿಲ್ಲ.

ಇದನ್ನು ಚುಕ್ಕಿ ರಂಗೋಲಿಗೆ ಹೋಲಿಸಬಹುದು. ಇಟ್ಟ ಚುಕ್ಕಿಗಳು ಅವೇ ಆದರೂ ಒಂದು ಮನೆಯ ಮುಂದೆ ಎಳೆಗಳು ಕಮಲವಾಗುತ್ತವೆ, ಪಕ್ಕದ ಮನೆಯ ಮುಂದೆ ನವಿಲಾಗುತ್ತವೆ. ಜೇಡದ ಪೆಪ್ಟೈಡುಗಳಲ್ಲಿ ಸಿಸ್ಟೀನುಗಳೇ ಚುಕ್ಕಿಗಳು. ಅವುಗಳ ನಡುವಿನ ಅಮೈನೋ ಆಮ್ಲಗಳು ಎಷ್ಟು ಬದಲಾಗಿವೆಯೆಂದರೆ, ಎರಡು ಜೇಡಗಳ ವಿಷವನ್ನು ಸುಮ್ಮನೆ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಅವು ನೆಂಟರೆಂಬ ಅನುಮಾನವೂ ಬರಲಾರದು. ಆದುದರಿಂದಲೇ ಇವುಗಳ ಮೂಲ ಒಂದೋ ಹಲವೋ ಎಂಬುದು ಬಹುಕಾಲ ಇತ್ಯರ್ಥವಾಗದೆ ಉಳಿದಿತ್ತು. ಆದರೆ ಜೀವಕೋಶ ಈ ಪೆಪ್ಟೈಡನ್ನು ಕಟ್ಟುವಾಗ ಅದರ ಮುಂದೆ ಇನ್ನೊಂದು ತುಂಡನ್ನೂ ಸೇರಿಸಿರುತ್ತದೆ. ಲಕೋಟೆಯ ಮೇಲಿನ ವಿಳಾಸದಂತೆ ಅದು ಪೆಪ್ಟೈಡನ್ನು ಗ್ರಂಥಿಯ ಹೊರದಾರಿಗೆ ತಲುಪಿಸಿ, ನಂತರ ಕತ್ತರಿಸಿ ಹೋಗುತ್ತದೆ. ಬೇಟೆಯನ್ನು ಮುಟ್ಟದ ಆ ತುಂಡು ವಿಷದಷ್ಟು ವೇಗವಾಗಿ ಬದಲಾಗುವುದಿಲ್ಲ. ವಿಳಾಸದ ತುಂಡು, ಸಿಸ್ಟೀನುಗಳ ಸ್ಥಾನ, ಗಂಟಿನ ಆಕಾರ, ಜೇಡಗಳ ವಂಶವೃಕ್ಷ — ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮರೆಯಾಗಿದ್ದ ನೆಂಟಸ್ತಿಕೆ ಬೆಳಕಿಗೆ ಬರುತ್ತದೆ.

ಬೆಂಗಳೂರಿನ ತಂಡ ಹೀಗೆ 78 ಹೊಸ ವಿಷಕುಲಗಳನ್ನು, ಅಂದರೆ ನೆಂಟಸ್ತಿಕೆಯುಳ್ಳ ವಿಷ ಪೆಪ್ಟೈಡುಗಳ ಗುಂಪುಗಳನ್ನು ಗುರುತಿಸಿದ್ದಲ್ಲದೆ, ಅವೆಲ್ಲವೂ ಸುಮಾರು 37.5 ಕೋಟಿ ವರ್ಷಗಳ ಹಿಂದಿನ ಒಂದೇ ಆದಿಗಂಟಿನಿಂದ ಕವಲೊಡೆದಿವೆ ಎಂದು ತೋರಿಸಿತು. ಆ ಗಂಟಿಗೆ ಅವರು ಇಟ್ಟ ಹೆಸರು ಆದಿಶಕ್ತಿ. ಟರಾಂಟುಲಾ ಎಂಬ ರೋಮಭರಿತ ದೊಡ್ಡ ಜೇಡಗಳಂತೆ ಕೋರೆಗಳನ್ನು ಗುದ್ದಲಿಯಂತೆ ಮೇಲಿನಿಂದ ಕೆಳಕ್ಕೆ ಇಳಿಸುವ ಜೇಡಗಳದು ಒಂದು ದೊಡ್ಡ ಕವಲು; ನಮ್ಮ ಮನೆ–ತೋಟದ ಜೇಡಗಳಂತೆ ಕೋರೆಗಳನ್ನು ಇಕ್ಕಳದಂತೆ ಎದುರುಬದುರು ಮುಚ್ಚುವವುಗಳದು ಇನ್ನೊಂದು. ಈ ಎರಡೂ ಕವಲುಗಳು ಬೇರೆಯಾಗುವ ಮೊದಲಿನ ಪೂರ್ವಜನಲ್ಲಿಯೇ ಆದಿಗಂಟು ಇತ್ತೆಂಬುದು ಅವರ ತೀರ್ಮಾನ. ಅಧ್ಯಯನಕ್ಕೆ ಒಳಪಟ್ಟ ವಂಶಗಳು ಇಂದಿನ ಜೇಡಗಳ ಸುಮಾರು ಶೇ 60ರಷ್ಟನ್ನು ಒಳಗೊಂಡಿವೆ. ನನಗೆ ಇದರಲ್ಲಿ ಬಹಳ ಮುಖ್ಯವೆನ್ನಿಸುವ ಅಂಶವೆಂದರೆ, ಇತರ ಬಹುಪಾಲು ವಿಷಜಂತುಗಳು ಬೇರೆ ಬೇರೆ ಮೂಲದ ಹಲವು ಪ್ರೋಟೀನುಗಳನ್ನು ಒಟ್ಟುಗೂಡಿಸಿ ವಿಷ ಮಾಡಿಕೊಂಡಿದ್ದರೆ, ಜೇಡಗಳು ಒಂದೇ ಅಚ್ಚನ್ನು ನಂಬಿ, ಅದರ ವಂಶವಾಹಿಯ ಪ್ರತಿಗಳು ಹೆಚ್ಚಿದಂತೆಲ್ಲ ಒಂದೊಂದು ಪ್ರತಿಯನ್ನು ಒಂದೊಂದು ಗುರಿಗೆ ತಿದ್ದುತ್ತ ಬಂದಿವೆ. ವಿಷವನ್ನು ಬೇಟೆಗೆ ಬಳಸುತ್ತದೆಯೋ ಆತ್ಮರಕ್ಷಣೆಗೆ ಬಳಸುತ್ತದೆಯೋ ಎಂಬುದರ ಮೇಲೆ ಅದು ಬದಲಾಗುವ ಬಗೆಯೂ ಬೇರೆಯಾಗುತ್ತದೆ ಎಂಬ ಸೂಚನೆಯೂ ಈ ಪ್ರಬಂಧದಲ್ಲಿದೆ.

ಇದಕ್ಕೆ ಹಿನ್ನೆಲೆಯಾಗಿ ಸುನಗರ್ ಮತ್ತು ಯೆಹು ಮೊರಾನ್ ಅವರ 2015ರ ಪ್ರಬಂಧವನ್ನೂ ಓದಿ. ಹಾವು, ಶಂಕುಹುಳು ಎಂಬ ಸಮುದ್ರದ ಬಸವನಹುಳುಗಳಂಥ ಹೊಸ ವಂಶಗಳಲ್ಲಿ ವಿಷ ಬೇಗ ಬೇಗ ಬದಲಾಗುತ್ತಿದ್ದರೆ, ಜೇಡ, ಚೇಳು, ಲೋಳೆಮೀನುಗಳಂಥ ಪುರಾತನ ವಂಶಗಳಲ್ಲಿ ಒಮ್ಮೆ ಚೆನ್ನಾಗಿ ಹೊಂದಿಕೊಂಡ ವಿಷವನ್ನು ನಿಸರ್ಗದ ಆಯ್ಕೆ ಹೆಚ್ಚಾಗಿ ಕಾಪಾಡಿಕೊಂಡು ಬಂದಿದೆ ಎಂದು ಅವರು ಅದರಲ್ಲಿ ವಾದಿಸಿದ್ದಾರೆ.

ಅದೇ ವಿದ್ಯಾರ್ಥಿಯ ಗೆಳೆಯರೊಬ್ಬರು ಕೇಳಿದ್ದಾರೆ: ಜೇಡದ ವಿಷ ಕೀಟಗಳಿಗಾಗಿ ಎನ್ನುವುದಾದರೆ ಆಸ್ಟ್ರೇಲಿಯದ ಜೇಡ ಮನುಷ್ಯರನ್ನು ಏಕೆ ಕೊಲ್ಲುತ್ತದೆ?

ಮೊದಲು ಕೀಟಗಳ ವಿಚಾರ. ಬನ್ನೇರುಘಟ್ಟದ ಕಾಡಿನಲ್ಲಿ ಕಾಲುದಾರಿಗೆ ಅಡ್ಡಲಾಗಿ ಹೊಂಬಣ್ಣದ ಬಲೆ ಕಟ್ಟುವ ದೊಡ್ಡ ಜೇಡ, ಅಂದರೆ ನೆಫಿಲಾ, ನಿಮಗೆ ಗೊತ್ತಿರಬಹುದು. ಅದರ ಬಳಗದ ಜೇಡಗಳ ವಿಷದಲ್ಲಿ ಪಾಲಿಅಮೀನ್ ಎಂಬ ಸಣ್ಣ ಅಣುಗಳಿದ್ದು, ಅವು ಗ್ಲುಟಮೇಟ್ ಸಂದೇಶವನ್ನು ತಡೆಯುತ್ತವೆ. ಕೀಟಗಳಲ್ಲಿ ನರವು ಸ್ನಾಯುವಿಗೆ ಆಜ್ಞೆ ಕೊಡುವುದು ಗ್ಲುಟಮೇಟ್ ಮೂಲಕ. ಆದ್ದರಿಂದ ಬಲೆಗೆ ಬಿದ್ದ ಮಿಡತೆ ಕ್ಷಣಗಳಲ್ಲಿ ನಿಶ್ಚಲವಾಗುತ್ತದೆ. ನಮ್ಮ ಸ್ನಾಯುಗಳಿಗೆ ಅದೇ ಆಜ್ಞೆ ಹೋಗುವುದು ಅಸಿಟೈಲ್‌ಕೋಲಿನ್ ಮೂಲಕ. ಆ ಬೀಗಕ್ಕೆ ಈ ಕೀಲಿ ಹೊಂದುವುದಿಲ್ಲ.

ಸಿಡ್ನಿಯ ಅಟ್ರಾಕ್ಸ್ ರೋಬಸ್ಟಸ್ ಜೇಡದ ಕಥೆ ಬೇರೆ. ಅದರ ವಿಷದಲ್ಲಿರುವ ಡೆಲ್ಟಾ ಹೆಕ್ಸಟಾಕ್ಸಿನ್ ಎಂಬ ಪೆಪ್ಟೈಡು, ನರಕೋಶದೊಳಕ್ಕೆ ಸೋಡಿಯಂ ಬಿಡುವ ದ್ವಾರಗಳು ಮುಚ್ಚದಂತೆ ತಡೆಯುವುದರಿಂದ ನರಗಳು ಬಿಡುವಿಲ್ಲದೆ ಸಿಡಿಯತೊಡಗುತ್ತವೆ. ಮನುಷ್ಯರಿಗೆ ಮತ್ತು ಮಂಗಗಳಿಗೆ ಇದು ಪ್ರಾಣಾಂತಿಕ. ನಾಯಿ, ಬೆಕ್ಕುಗಳು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಅಪಾಯ ಹೆಚ್ಚು ಇರುವುದು ಗಂಡಿನಿಂದ. ಪ್ರೌಢಾವಸ್ಥೆಗೆ ಬಂದ ಗಂಡು ಬಿಲವನ್ನು ಬಿಟ್ಟು ಹೆಣ್ಣನ್ನು ಹುಡುಕುತ್ತ ತಿರುಗುವಾಗ ಹಕ್ಕಿ, ಹಲ್ಲಿ, ಸಣ್ಣ ಸಸ್ತನಿಗಳ ಬಾಯಿಗೆ ಸಿಗುವ ಭಯ ಹೆಚ್ಚು. ಈ ವಿಷ ಅಂಥ ಶತ್ರುಗಳಿಂದ ರಕ್ಷಿಸಿಕೊಳ್ಳಲೆಂದು ವಿಕಾಸಗೊಂಡಿತು ಎಂದು 2020ರ ಅಧ್ಯಯನವೊಂದು ವಾದಿಸಿತು. ಆಸ್ಟ್ರೇಲಿಯಕ್ಕೆ ಮನುಷ್ಯ ಕಾಲಿಡುವ ಎಷ್ಟೋ ಮೊದಲೇ ಆ ವಿಷ ಅಲ್ಲಿತ್ತು. ನಮ್ಮ ನರಗಳ ಸೋಡಿಯಂ ದ್ವಾರ ಅದಕ್ಕೆ ಹೊಂದಿಕೊಂಡದ್ದು ಕೇವಲ ಆಕಸ್ಮಿಕ. 1927ರಿಂದ 1981ರವರೆಗೆ ಈ ಜೇಡದಿಂದ 13 ಸಾವುಗಳು ದಾಖಲಾಗಿದ್ದವು. 1981ರಲ್ಲಿ ಸ್ಟ್ರುವನ್ ಸದರ್ಲೆಂಡ್ ಅವರ ತಂಡ ಮೊಲಗಳ ರಕ್ತದಿಂದ ಪ್ರತಿವಿಷವನ್ನು ಸಿದ್ಧಪಡಿಸಿದ ನಂತರ ಸಾವುಗಳು ನಿಂತವು.

ನಮ್ಮ ಕರ್ನಾಟಕದ ಮರದ ಪೊಟರೆಗಳಲ್ಲಿಯೂ ಪೊಯ್ಸಿಲೊಥೀರಿಯ ಎಂಬ ಟರಾಂಟುಲಾಗಳಿವೆ. ಕಚ್ಚಿದರೆ ಸಾವಿನ ಭಯ ಬೇಡವಾದರೂ ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ಹಾವಿನ ಪ್ರತಿವಿಷ ಇದಕ್ಕೆ ಕೆಲಸ ಮಾಡುವುದಿಲ್ಲ, ಹಾಕಿಸಿಕೊಳ್ಳಬಾರದು. ಈ ಜೇಡಗಳನ್ನು ಸಾಕಲೆಂದು ಹಿಡಿದು ಮಾರುವ ದಂಧೆಯಿಂದಾಗಿ ಇವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2019ರಿಂದ ನಿರ್ಬಂಧವಿದೆ. ಇವನ್ನು ಕೊಳ್ಳುವವರ ಬಗ್ಗೆ ನನಗೆ ತುಂಬ ನೋವಿದೆ. ಒಂದು ಪೊಟರೆಯನ್ನು ಒಡೆದರೆ ಆ ಮರದಲ್ಲಿ ಮತ್ತೆ ಜೇಡ ನೆಲೆಸಲು ವರ್ಷಗಳೇ ಬೇಕಾಗುತ್ತವೆ.

ದೊಡ್ಡಬಳ್ಳಾಪುರದ ಬಳಿ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವ ರೈತರೊಬ್ಬರು: ರಸ ಹೀರುವ ಪುಟ್ಟ ಕೀಟವಾದ ಥ್ರಿಪ್ಸ್‌ಗೆ ಔಷಧಿ ಹೊಡೆದು ಹೊಡೆದು ಸಾಕಾಗಿದೆ, ಈಗ ಯಾವುದೂ ನಾಟುವುದಿಲ್ಲ. ಜೇಡದ ವಿಷದಿಂದ ಕೀಟನಾಶಕ ಮಾಡಿದ್ದಾರಂತೆ, ನಿಜವೇ?

ನಿಜ. ಆಸ್ಟ್ರೇಲಿಯದ ಬ್ಲೂ ಮೌಂಟನ್ಸ್ ಪ್ರದೇಶದ ಹ್ಯಾಡ್ರೊನಿಕೆ ವರ್ಸುಟ ಎಂಬ ಜೇಡದ ಒಂದು ಪೆಪ್ಟೈಡನ್ನು ಯೀಸ್ಟಿನಲ್ಲಿ ಬೆಳೆಸಿ, ಅಮೆರಿಕದಲ್ಲಿ ಕೀಟನಾಶಕವಾಗಿ ಮಾರುತ್ತಿದ್ದಾರೆ. ಹಸಿರುಮನೆಗಳ ಥ್ರಿಪ್ಸ್‌ಗೂ ಅದರ ಒಂದು ರೂಪ ಬಳಕೆಯಲ್ಲಿದೆ. ಈ ಪೆಪ್ಟೈಡ್ ಕೀಟದ ನರಗಳ ಅಯಾನು ದ್ವಾರಗಳಿಗೆ, ಅಂದರೆ ವಿದ್ಯುದಂಶವುಳ್ಳ ಕಣಗಳು ಓಡಾಡುವ ಬಾಗಿಲುಗಳಿಗೆ, ಅಂಟಿದಷ್ಟು ನಮ್ಮವುಗಳಿಗೆ ಅಂಟುವುದಿಲ್ಲ. ಜೇನುನೊಣಗಳಿಗೂ ಇದರಿಂದ ಹಾನಿ ಕಡಿಮೆ. ತೊಡಕಿರುವುದು ಬೇರೆ ಕಡೆ. ಜೇಡ ತನ್ನ ವಿಷವನ್ನು ಕೋರೆಯಿಂದ ನೇರವಾಗಿ ಮೈಯೊಳಕ್ಕೆ ಚುಚ್ಚುತ್ತದೆ. ಎಲೆಯ ಜೊತೆ ತಿಂದಾಗ ಅದು ಕರುಳನ್ನು ದಾಟಿ ನರವನ್ನು ತಲುಪಬೇಕು, ಅದು ಸುಲಭವಲ್ಲ. ಅದಕ್ಕಾಗಿ ಕಂಬಳಿಹುಳುಗಳ ಮೇಲೆ ಬಳಸುವಾಗ ಬಿಟಿ ಬ್ಯಾಕ್ಟೀರಿಯವನ್ನು ಸ್ವಲ್ಪ ಬೆರೆಸಿ, ಅದು ಕರುಳಿನ ಗೋಡೆಯನ್ನು ಸಡಿಲಿಸಿದ ಮೇಲೆ ಪೆಪ್ಟೈಡು ಒಳಗೆ ಹೋಗುವಂತೆ ಮಾಡುತ್ತಾರೆ.

ಇದರ ಜೊತೆಗೆ ನಿಮ್ಮಲ್ಲೊಂದು ಕೋರಿಕೆ. ಗುಲಾಬಿ ಗಿಡದ ಮೇಲೆ ಹಾರಿ ಹಾರಿ ಬೇಟೆಯಾಡುವ ಪುಟ್ಟ ಜೇಡಗಳನ್ನು, ಕಾಲ ತುಂಬ ಮುಳ್ಳುಗಳಿರುವ ಹಸಿರು ಜೇಡಗಳನ್ನು ನೀವು ನೋಡಿರುತ್ತೀರಿ. ಎಲ್ಲ ಕೀಟಗಳನ್ನೂ ಕೊಲ್ಲುವ ಔಷಧಿಗಳು ಅವುಗಳನ್ನೂ ಕೊಲ್ಲುತ್ತವೆ. ಕೀಟ ಮಾತ್ರ ಬೇಗ ಮರಳಿ ಬರುತ್ತದೆ, ಜೇಡ ಬರಲು ತಡವಾಗುತ್ತದೆ. ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಬೇಟೆಯನ್ನು ತಿನ್ನುತ್ತವೆ ಎಂದು 2017ರ ಅಂದಾಜೊಂದು ಹೇಳುತ್ತದೆ. ಅದರಲ್ಲಿ ನಿಮ್ಮ ಪಾಲಿಹೌಸಿನ ಪಾಲೂ ಇರಲಿ. ಔಷಧಿಯನ್ನು ಗಿಡದಲ್ಲಿ ಕೀಟ ಎಣಿಸಿದ ಮೇಲೆ, ಬೇಕಾದ ಸಾಲಿಗೆ ಮಾತ್ರ ಹೊಡೆಯಿರಿ.

ಬಸವನಗುಡಿಯ ಓದುಗರೊಬ್ಬರು: ನಮ್ಮ ತಂದೆಯವರಿಗೆ ಕಳೆದ ವರ್ಷ ಲಕ್ವ ಹೊಡೆಯಿತು. ಜೇಡದ ವಿಷದಿಂದ ಇದಕ್ಕೆ ಮದ್ದು ಬರುತ್ತಿದೆ ಎಂದು ಯಾರೋ ಹೇಳಿದರು. ಎಲ್ಲಿ ಸಿಗುತ್ತದೆ?

ಸದ್ಯ ಅಂಗಡಿಯಲ್ಲಿ ಅಥವಾ ಆಸ್ಪತ್ರೆಯಲ್ಲಿ ಕೊಡುವಂಥ ಮದ್ದು ಅದಲ್ಲ. ಯಾರಾದರೂ ಕೊಡುತ್ತೇವೆಂದರೆ ನಂಬಬೇಡಿ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೆನ್ ಕಿಂಗ್ ಮತ್ತು ಸಂಗಡಿಗರು ಹ್ಯಾಡ್ರೊನಿಕೆ ಇನ್ಫೆನ್ಸ ಎಂಬ ಜೇಡದ ವಿಷದಲ್ಲಿ ಎಚ್‌ಐ1ಎ ಎಂಬ ಪೆಪ್ಟೈಡನ್ನು ಗುರುತಿಸಿ 2017ರಲ್ಲಿ ವರದಿ ಮಾಡಿದರು. ರಕ್ತ ಹರಿಯದ ಮಿದುಳಿನ ಭಾಗ ಆಮ್ಲೀಯವಾಗುತ್ತದೆ. ಆಮ್ಲವನ್ನು ಗ್ರಹಿಸುವ ಒಂದು ಅಯಾನು ದ್ವಾರ ಆಗ ತೆರೆದುಕೊಂಡು ನರಕೋಶಗಳು ಸಾಯುವ ದಾರಿಯಾಗುತ್ತದೆ. ಎಚ್‌ಐ1ಎ ಆ ದ್ವಾರವನ್ನು ತಡೆಯುತ್ತದೆ. ಇಲಿಗಳಲ್ಲಿ, ಆಘಾತವಾಗಿ 8 ಗಂಟೆಗಳ ಮೇಲೆ ಕೊಟ್ಟರೂ ಮಿದುಳಿನ ಹಾನಿ ಕಡಿಮೆಯಾಯಿತು. ರಚನೆಯಲ್ಲಿ ಇದು ನಾನು ಮೇಲೆ ಹೇಳಿದ ಗಂಟುಗಳೇ ಎರಡು ಸಾಲಾಗಿ ಕೂಡಿಕೊಂಡಂತಿದೆ.

ಇಲಿಗೆ ಒಗ್ಗಿದ್ದು ಮನುಷ್ಯರಿಗೆ ಮದ್ದಾಗುವ ದಾರಿ ದೀರ್ಘವಾದದ್ದು. ಇದು ಆಘಾತವಾದ ಗಂಟೆಗಳೊಳಗಿನ ಚಿಕಿತ್ಸೆಯೇ ಹೊರತು ವರ್ಷದ ಹಿಂದೆ ಆದ ಹಾನಿಯನ್ನು ಸರಿಪಡಿಸುವ ವಿಧಾನವಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ತಂದೆಯವರ ಫಿಜಿಯೋಥೆರಪಿಯನ್ನು, ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಬೇಡಿ. ಮತ್ತೆ ಎಂದಾದರೂ ಬಾಯಿ ಸೊಟ್ಟಗಾಗುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು ಕಂಡರೆ ಗಡಿಯಾರ ನೋಡಿ ಹೊತ್ತನ್ನು ಬರೆದುಕೊಂಡು ತಕ್ಷಣ ಹೊರಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

ಕೆಂಗೇರಿಯ ತಾಯಿಯೊಬ್ಬರು: ವಿಷವೇ ಇಲ್ಲದ ಜೇಡ ಇದೆಯೇ ಎಂದು ಐದನೇ ತರಗತಿಯ ಮಗಳು ಕೇಳುತ್ತಿದ್ದಾಳೆ.

ಇದೆ ಎಂದು ಹೇಳಿ. ಈವರೆಗೆ ಹೆಸರಿಸಲಾದ 50,000ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ವಿಷದ ಗ್ರಂಥಿ ಇದೆ. ಆದರೆ ಯುಲೊಬೊರಿಡೆ ಎಂಬ ಕುಟುಂಬ ಪೂರ್ವಜರಲ್ಲಿದ್ದ ಗ್ರಂಥಿಯನ್ನು ಕಳೆದುಕೊಂಡಿದೆ. ಇವು ಬೇಟೆಯನ್ನು ನೂಲಿನಿಂದಲೇ ಬಿಗಿಯುತ್ತವೆ. ಈ ಕುಟುಂಬದ ಫಿಲೊಪೊನೆಲ್ಲ ವಿಸಿನ ಒಂದು ಬೇಟೆಯನ್ನು ಸುತ್ತಲು 140 ಮೀಟರಿನವರೆಗೆ ನೂಲು ಬಳಸಿ, 28,000ಕ್ಕೂ ಹೆಚ್ಚು ಸಲ ಕಾಲಾಡಿಸಿದ್ದನ್ನು ಎಣಿಸಿದವರಿದ್ದಾರೆ. ಬಿಗಿತಕ್ಕೆ ಕೀಟದ ಕಾಲುಗಳೇ ಮುರಿಯುತ್ತವೆ. ಆಮೇಲೆ ಜೀರ್ಣರಸವನ್ನು ಅದರ ಮೇಲೆ ಸುರಿದು ಹೀರುತ್ತವೆ. ಆ ರಸದಲ್ಲಿಯೇ ಕೀಟಗಳಿಗೆ ಮಾರಕವಾದ ಅಂಶಗಳಿವೆ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಮಗಳಿಗೆ ಇದನ್ನು ಮನೆಯಲ್ಲಿಯೇ ತೋರಿಸಬಹುದು. ಈ ಕುಟುಂಬದ ಜೋಸಿಸ್ ಎಂಬ ಜೇಡ ಮನೆಗಳಲ್ಲಿ, ಬಚ್ಚಲಿನ ಕಿಟಕಿ ಅಥವಾ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ವಾಸಿಸುತ್ತದೆ. ತೋಟದ ಜೇಡಗಳಂತೆ ಬಲೆಯನ್ನು ನಿಲ್ಲಿಸದೆ, ತಟ್ಟೆ ಇಟ್ಟಂತೆ ನೆಲಕ್ಕೆ ಸಮವಾಗಿ ಹರಡಿ, ಅದರ ಕೆಳಗೆ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಕಾಲುಗಳಲ್ಲಿ ಬಿಳಿ–ಕಂದು ಪಟ್ಟೆಗಳಿರುತ್ತವೆ. ಸೊಳ್ಳೆಯೊಂದು ಬಲೆಗೆ ಬೀಳುವ ತನಕ ಕಾಯಲು ಹೇಳಿ. ಹಿಂಗಾಲುಗಳೆರಡೂ ಸರದಿಯಂತೆ ನೂಲನ್ನು ಎಳೆದು ಎಳೆದು ಸುತ್ತುವುದು ಬರಿಗಣ್ಣಿಗೇ ಕಾಣುತ್ತದೆ, ಆದರೆ ಅದು ಮುಗಿಯಲು ಬಹಳ ಹೊತ್ತು ಹಿಡಿಯುತ್ತದೆ. ಕೂರಲು ಒಂದು ಮಣೆ ಕೊಡಿ.